ಹದಿನಾಲ್ಕನೇ ನಂಬರಿನ ಡಬ್ಬಿ

ಎಲ್ಲರಿಗೂ ನಮಸ್ಕಾರ.

ಸಂಘದ ಹಿರಿಯರೇ, ಡೊಂಬಿವಲಿಯ ಹೋಟೆಲ್ ಬಂಧುಗಳೇ, ಕಾಲೇಜಿನಿಂದ ಬಂದಿರುವ ಗುರುಗಳೇ, ನಮ್ಮ ಕಂಪನಿಯವರೇ, ಅಕ್ಷಿತನ ಜೊತೆ ಓದಿದ ಮಕ್ಕಳೇ — ಮತ್ತು ಇಲ್ಲಿ ಮುಂದೆ ಕುಳಿತಿರುವ ಅಕ್ಷಿತನ ತಂದೆ ಕುಶಲಣ್ಣ, ತಾಯಿ ರತ್ನಾವತಿ ಅಕ್ಕ, ತಂಗಿ ಪ್ರಣೀತಾ. ನಿಮ್ಮ ಮೂವರ ಮುಂದೆ ನಿಂತು ಮಾತಾಡುವ ಯೋಗ್ಯತೆ ನನಗಿಲ್ಲ. ಆದರೂ ಕರೆದಿದ್ದೀರಿ, ಬಂದಿದ್ದೇನೆ.

ಕೆಲವರಿಗೆ ನನ್ನ ಪರಿಚಯವಿಲ್ಲ. ನಾನು ಮಹಾದೇವಪ್ಪ. ಹುಟ್ಟಿದ್ದು ಗದಗ ಕಡೆ, ಇರುವುದು ಕಲ್ಯಾಣದಲ್ಲಿ. ಘೋಡಬಂದರ್ ರಸ್ತೆಯ ಒಂದು ದೊಡ್ಡ ಕಾಂಪ್ಲೆಕ್ಸಿನಲ್ಲಿ ನಾಲ್ಕು ಎಕರೆ ಲಾನ್ ಇದೆ. ಅದಕ್ಕೆ ನೀರು ಹಾಯಿಸುವ ಕೆಲಸದ ಸೂಪರ್‌ವೈಸರ್ ನಾನು. ಈ ಏಪ್ರಿಲ್ ಎಂಟರಿಂದ ಅಕ್ಷಿತ್ ನನ್ನ ಕೈಕೆಳಗೆ ಇಂಟರ್ನ್ ಆಗಿದ್ದ. ತೋಟಗಾರಿಕೆ ಡಿಪ್ಲೊಮಾದ ಕೊನೆಯ ವರ್ಷ, ಅರವತ್ತು ದಿನದ ಟ್ರೇನಿಂಗು. ನಲವತ್ತೊಂದನೇ ದಿನ, ಮೇ ಹದಿನೆಂಟರ ಶನಿವಾರ, ಅದೇ ಲಾನಿನಲ್ಲಿ ಕರೆಂಟು ಹೊಡೆದು ತೀರಿಕೊಂಡ. ಇಪ್ಪತ್ತು ವರ್ಷ. ಇವತ್ತಿಗೆ ಹದಿನೈದು ದಿನವಾಯಿತು.

ನಮ್ಮ ಮ್ಯಾನೇಜರ್ ವಿಷ್ಣುಮೂರ್ತಿ ಸರ್ ಅಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಬರುವಾಗ ದಾರಿಯಲ್ಲಿ ಹೇಳಿದರು — “ಮಹಾದೇವಪ್ಪ, ಐದು ನಿಮಿಷ ಸಾಕು. ಒಳ್ಳೆಯ ಹುಡುಗ ಅಂತ ಹೇಳಿ ಕೂತ್ಕೊಳ್ಳಿ.” ಸರ್, ಐದು ನಿಮಿಷದಲ್ಲಿ ಮುಗಿಯುವುದಿಲ್ಲ. ಕ್ಷಮಿಸಿ.

ಒಳ್ಳೆಯ ಹುಡುಗ. ಹೌದು. ಅದನ್ನೇ ಮೊದಲು ಹೇಳುತ್ತೇನೆ.

ಮೊದಲ ದಿನ ಇಸ್ತ್ರಿ ಮಾಡಿದ ಪ್ಯಾಂಟು, ಬಿಳೀ ಶೂ ಹಾಕಿಕೊಂಡು ಬಂದ. ನಾನು ಮನಸ್ಸಿನಲ್ಲೇ ನಕ್ಕೆ. ನನ್ನ ಲೆಕ್ಕದಲ್ಲಿ ಇಂಟರ್ನ್ ಅಂದರೆ ಪೈಪು ಹೊರುವವನು, ಚಹಾ ತರುವವನು, ದಿನ ತುಂಬಿದ ಮೇಲೆ ಸಹಿ ಹಾಕಿಸಿಕೊಂಡು ಹೋಗುವವನು. “ಕನ್ನಡ ಬರ್ತದೇನಪಾ?” ಅಂದೆ. “ಸಮಝ್ತಾ ಹೂಂ, ಸರ್” ಅಂದ, ಅರ್ಥವಾಗುತ್ತದೆ ಅಂತ. ನಲವತ್ತು ದಿನ ನಮ್ಮಿಬ್ಬರ ಸಂಸಾರ ಹಾಗೇ ನಡೆಯಿತು. ನಾನು ಗದಗದ ಕನ್ನಡ, ಅವನು ಮುಂಬೈ ಹಿಂದಿ, ಮನೆಯಿಂದ ಅಮ್ಮನ ಫೋನು ಬಂದರೆ ತುಳು. ಅವನ ಜೊತೆಗಿದ್ದ ಇನ್ನೊಬ್ಬ ಇಂಟರ್ನ್ ಸ್ವಪ್ನಿಲ್, ಅವನದು ಮರಾಠಿ. ಹುಲ್ಲಿಗೆ ಮಾತ್ರ ಯಾವ ಭಾಷೆಯಾದರೂ ನಡೆಯುತ್ತಿತ್ತು.

ಹುಲ್ಲು ಅಂದರೆ ಏನು ಮಹಾ, ನೀರು ಸುರಿದರಾಯಿತು ಅಂತ ನೀವು ತಿಳಿದಿರಬಹುದು. ಹಾಗಲ್ಲ. ಸ್ಪ್ರಿಂಕ್ಲರ್ ತಿರುಗುವಾಗ ಒಂದು ಕಡೆ ಹೆಚ್ಚು ಬೀಳುತ್ತದೆ, ಒಂದು ಕಡೆ ಕಡಿಮೆ. ಎಲ್ಲಿ ಎಷ್ಟು ಬಿತ್ತು ಅಂತ ತಿಳಿಯಬೇಕಾದರೆ ಲಾನಿನ ತುಂಬ ಬಟ್ಟಲು ಇಡಬೇಕು, ಹದಿನೈದು ನಿಮಿಷ ನೀರು ಬಿಡಬೇಕು, ಆಮೇಲೆ ಒಂದೊಂದು ಬಟ್ಟಲಿಗೂ ಸ್ಕೇಲು ಇಳಿಸಿ ಅಳೆಯಬೇಕು. ಗಾಳಿ ಏಳುವ ಮೊದಲು, ಬೆಳ್ಳಂಬೆಳಿಗ್ಗೆ ಮಾಡಬೇಕು. ಇದು ಪುಸ್ತಕದಲ್ಲಿದೆ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನಾನು ಒಂದು ಸಲವೂ ಮಾಡಿದವನಲ್ಲ. ನನ್ನದೆಲ್ಲ ಕಣ್ಣಂದಾಜು.

ಅಕ್ಷಿತ್ ಮಾಡಿದ. ಬಟ್ಟಲಿಗೆ ಎಲ್ಲಿ ಹೋಗುವುದು? ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಹೋಟೆಲಿನಿಂದ ಮೂವತ್ತು ಸ್ಟೀಲಿನ ಚಟ್ನಿ ಬಟ್ಟಲು ತಂದ! ಕುಶಲಣ್ಣ, ನೀವು ಆವತ್ತು ಫೋನಿನಲ್ಲಿ ಬೈದದ್ದು ನನಗೂ ಕೇಳಿಸಿತ್ತು — “ಅಲ್ಲ ಮಾರಾಯ, ಬಟ್ಟಲೆಲ್ಲ ನೀನು ಹುಲ್ಲಿನಲ್ಲಿ ಇಟ್ರೆ ಗಿರಾಕಿಗೆ ಚಟ್ನಿ ನಾನು ಅಂಗೈಯಲ್ಲಿ ಕೊಡುದಾ?” ಅವನು ನಗುತ್ತಾ ಫೋನು ಇಟ್ಟು ಮತ್ತೆ ಬಟ್ಟಲು ಜೋಡಿಸಲು ಕೂತ. ಹೀಗೆ — ಮೊಣಕಾಲೂರಿ, ಹೆಜ್ಜೆ ಅಳೆದು, ಒಂದೊಂದಾಗಿ. ಸೊಸೈಟಿಯ ವಾಚ್‌ಮನ್‌ಗಳೆಲ್ಲ ಬಂದು ನಿಂತು ನೋಡುತ್ತಿದ್ದರು.

ಕ್ಲಬ್‌ಹೌಸಿನ ಹಿಂದೆ ಒಂದು ತುಂಡು ಹುಲ್ಲು ಹಳದಿ ತಿರುಗುತ್ತಿತ್ತು. ನಾನು ರೋಗ ಅಂದೆ. ಔಷಧಿ ಹೊಡೆಸಿದೆ, ಯೂರಿಯಾ ಹಾಕಿಸಿದೆ. ಜಗ್ಗಲಿಲ್ಲ. ಇವನು ಶುಕ್ರವಾರ ಬಟ್ಟಲು ಇಟ್ಟು ನೋಡಿದ. ಎಲ್ಲ ಕಡೆ ಆರು ಮಿಲಿಮೀಟರ್ ಬಿದ್ದರೆ ಅಲ್ಲಿ ಎರಡು. ಬಂದು ಹೇಳಿದ, “ಸರ್, ಬೀಮಾರಿ ನಹೀಂ ಹೈ. ಪ್ಯಾಸ್ ಹೈ.” ರೋಗ ಅಲ್ಲ, ಬಾಯಾರಿಕೆ. ಇಪ್ಪತ್ತು ವರ್ಷದವನು ನನ್ನ ಇಪ್ಪತ್ತು ವರ್ಷದ ಸರ್ವಿಸಿಗೆ ಪಾಠ ಹೇಳಿದ. ನನಗೆ ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ಆ ಜಾಗಕ್ಕೆ ನೀರು ಬಿಡುವ ವಾಲ್ವಿನಲ್ಲಿ ಕಸ ಸಿಕ್ಕಿರಬೇಕು, ನಾಳೆ ಬೇಗ ಬಂದು ತೆಗೆದು ನೋಡುತ್ತೇನೆ ಅಂದ. ಆ ವಾಲ್ವ್ ಇರುವುದು ಹದಿನಾಲ್ಕನೇ ನಂಬರಿನ ಡಬ್ಬಿಯಲ್ಲಿ.

ಈ ಡಬ್ಬಿ ಅಂದರೆ ಏನು — ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಲಾನಿನಲ್ಲಿ ಅಲ್ಲಲ್ಲಿ ಹಸಿರು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ಹೂತಿರುತ್ತೇವೆ. ಒಳಗೆ ನೀರಿನ ವಾಲ್ವ್. ಪಂಪ್ ರೂಮಿನ ಕಂಟ್ರೋಲರ್ ಕಳಿಸುವ ಕರೆಂಟಿನಿಂದಲೇ ಅದು ತೆರೆದು ಮುಚ್ಚಿಕೊಳ್ಳುತ್ತದೆ, ಆದರೆ ಬರೀ ಇಪ್ಪತ್ನಾಲ್ಕು ವೋಲ್ಟ್. ಮನುಷ್ಯನಿಗೆ ಏನೂ ಆಗುವುದಿಲ್ಲ.

ಪ್ರತಿ ವರ್ಷ ಇಂಟರ್ನ್ ಮಕ್ಕಳು ಬಂದಾಗ ನಾನೊಂದು ಆಟ ತೋರಿಸುತ್ತೇನೆ. ತೋರಿಸುತ್ತಿದ್ದೆ. ಮೂರನೇ ನಂಬರಿನ ಡಬ್ಬಿ ತೆಗೆದು, ತೋಳು ಮಡಚಿ — ಹೀಗೆ — ಒಳಗಿನ ನೀರಿಗೆ ಕೈ ಅದ್ದಿ ವೈರು ಹಿಡಿದುಕೊಳ್ಳುವುದು. ಮಕ್ಕಳು ಹೌಹಾರುತ್ತಾರೆ. ನಾನು ನಗುತ್ತೇನೆ. “ನೋಡ್ರಲೇ, ಏನಾತು? ಇಪ್ಪತ್ನಾಲ್ಕು ವೋಲ್ಟಿಗೆ ಹೆದರಾಂವ ಈ ಕೆಲಸಕ್ಕ ನಾಲಾಯಕ್.” ಈ ಸಲ ಸ್ವಪ್ನಿಲ್ ಹಿಂದೆ ಸರಿದ. ಅಕ್ಷಿತ್ ಮುಂದೆ ಬಂದು ಕೈ ಹಾಕಿದ. ಭೇಷ್ ಅಂತ ಬೆನ್ನು ತಟ್ಟಿದೆ — ಈ ಕೈಯಿಂದಲೇ.

ಈಗ ನಿಮಗೆಲ್ಲ ಗೊತ್ತಿರುವ ವಿಷಯಕ್ಕೆ ಬರುತ್ತೇನೆ. ಕಂಪನಿ ರಿಪೋರ್ಟು ಬರೆಯಿತು. “ತರಬೇತಿ ವಿದ್ಯಾರ್ಥಿಯು ಮೇಲ್ವಿಚಾರಕರ ಅನುಮತಿ ಪಡೆಯದೆ, ಸ್ವಂತ ಅವಸರದಿಂದ ಡಬ್ಬಿ ತೆರೆದು ಕೈ ಹಾಕಿದ್ದರಿಂದ” — ಹೀಗಿದೆ. ಪೊಲೀಸರು ಅದನ್ನೇ ಬರೆದುಕೊಂಡರು. ಕಾಲೇಜಿನವರು ಅದನ್ನೇ ನೋಟೀಸ್ ಬೋರ್ಡಿಗೆ ಹಾಕಿದರು, ಶಿಸ್ತು ಮೀರಿದರೆ ಏನಾಗುತ್ತದೆ ನೋಡಿ ಅಂತ. ಸತ್ತ ಹುಡುಗನ ಹೆಸರು ಬರೆದು ಬದುಕಿರುವ ಹುಡುಗರಿಗೆ ಬುದ್ಧಿ ಹೇಳಿದ್ದಾರೆ! ಇವತ್ತು ಈ ಹಾಲಿಗೆ ಬರುವಾಗ ಚಪ್ಪಲಿ ಬಿಡುವ ಜಾಗದಲ್ಲಿ ಯಾರೋ ಇಬ್ಬರು ಮಾತಾಡುತ್ತಿದ್ದರು — “ಈಗಿನ ಮಕ್ಕಳು ಹೇಳಿದ್ದು ಕೇಳುದಿಲ್ಲ ಮಾರಾಯ್ರೆ. ಎಲ್ಲದಕ್ಕೂ ಅವಸರ.” ಯಾರು ಅಂತ ನಾನು ನೋಡಲಿಲ್ಲ. ನೋಡಿದ್ದರೆ ಅಲ್ಲೇ ಜಗಳ ಆಗುತ್ತಿತ್ತು. ಆದರೆ ಯಾವ ಬಾಯಿಂದ ಜಗಳ ಮಾಡಲಿ? ಆ ರಿಪೋರ್ಟಿನ ಕೆಳಗೆ ಮೇಲ್ವಿಚಾರಕ ಅಂತ ಇರುವ ಸಹಿ ನನ್ನದು.

ಆಸ್ಪತ್ರೆಯ ಮಾತು ಹೇಳುತ್ತೇನೆ. ರತ್ನಾವತಿ ಅಕ್ಕ, ನಿಮಗೆ ನೋವಾಗುತ್ತದೆ, ಆದರೂ ಹೇಳಬೇಕು. ನೀವು ಆವತ್ತು ಅಳುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದಿರಿ. “ಅವ ಕೇಳದೆ ಮಾಡುವವ ಅಲ್ಲ. ಮನೆಯಲ್ಲಿ ಟೀವಿ ಹಚ್ಚಲಿಕ್ಕೂ ಕೇಳುವವ. ನಿಮ್ಮನ್ನು ಕೇಳಿದ್ನಾ, ಇಲ್ವಾ? ಅಷ್ಟು ಹೇಳಿ ನನಗೆ.”

ನಾನು ಹೇಳಿದೆ — “ಇಲ್ಲ ಅಕ್ಕ. ಕೇಳಲಿಲ್ಲ.”

ನೀವು ತಲೆ ಬಗ್ಗಿಸಿದಿರಿ. ಆಗ ಅತ್ತಿರಿ.

ಇನ್ನೊಂದು. ಕಳೆದ ಸೋಮವಾರ ಕುಶಲಣ್ಣ ನಮ್ಮ ಸೈಟಿಗೆ ಬಂದರು, ಮಗನ ಬ್ಯಾಗು ತೆಗೆದುಕೊಂಡು ಹೋಗಲು. ಪಂಪ್ ರೂಮಿನ ಬಾಗಿಲಲ್ಲಿ ನಿಂತು ನನಗೆ — ನನಗೆ! — ಎರಡು ಕೈ ಮುಗಿದರು. “ನನ್ನ ಮಗನಿಂದಾಗಿ ನಿಮಗೆಲ್ಲ ಪೊಲೀಸು, ಗಿಲೀಸು ಅಂತ ತೊಂದರೆ ಆಯ್ತು. ತಪ್ಪಾಯ್ತು ಸರ್. ಸಣ್ಣವ, ಗೊತ್ತಾಗಲಿಲ್ಲ ಅವನಿಗೆ” ಅಂದರು. ಮಗನನ್ನು ಕಳೆದುಕೊಂಡ ತಂದೆ ಕ್ಷಮೆ ಕೇಳುತ್ತಿದ್ದಾರೆ, ನಾನು ಕಲ್ಲಿನ ಹಾಗೆ ನಿಂತು ಕೇಳಿಸಿಕೊಳ್ಳುತ್ತಿದ್ದೇನೆ. “ಇರಲಿ ಬಿಡಿ” ಅಂತ ಸಮಾಧಾನ ಬೇರೆ ಹೇಳಿದೆ. ಥೂ! ನನ್ನ ನಾಲಿಗೆಗೆ ಹುಳ ಬೀಳಲಿ.

ಆವತ್ತಿನಿಂದ ನಾನು ಸರಿಯಾಗಿ ಉಂಡಿಲ್ಲ. ಅದೇನೂ ದೊಡ್ಡ ವಿಷಯವಲ್ಲ, ನನ್ನ ಊಟದ ಲೆಕ್ಕ ಯಾರಿಗೆ ಬೇಕು. ಇವತ್ತು ನಿಮಗೆ ಬೇಕಾದದ್ದು ನಿಜ. ಅದನ್ನು ಹೇಳಲಿಕ್ಕೆ ಬಂದಿದ್ದೇನೆ.

ಹದಿನಾಲ್ಕನೇ ಡಬ್ಬಿಯಲ್ಲಿ ನಮ್ಮ ಇಪ್ಪತ್ನಾಲ್ಕು ವೋಲ್ಟಿನ ವೈರಿನ ಜೊತೆ ಇನ್ನೊಂದು ವೈರಿತ್ತು. ಗಾರ್ಡನ್ ಲೈಟಿನ ಕೇಬಲ್ಲು. ಪೂರಾ ಇನ್ನೂರ ಮೂವತ್ತು ವೋಲ್ಟ್. ಎರಡು ವರ್ಷದ ಹಿಂದೆ ಗಿಡ ನೆಡುವಾಗ ಗುದ್ದಲಿ ತಾಗಿ ಆ ಕೇಬಲ್ಲು ತುಂಡಾಗಿತ್ತು. ನಲವತ್ತು ಅಡಿ ಅಗೆದು ಹೊಸದು ಹಾಕಬೇಕಿತ್ತು. ಅಗೆದರೆ ಲಾನ್ ಕೆಡುತ್ತದೆ ಅಂತ ಅದನ್ನು ನಮ್ಮ ಡಬ್ಬಿಯೊಳಗೇ ಎಳೆದು, ಜಾಯಿಂಟು ಕೊಟ್ಟು, ಟೇಪು ಸುತ್ತಿ ಮುಚ್ಚಿದರು. ಇಲೆಕ್ಟ್ರಿಶಿಯನ್ ಮಾಡಿದ. “ಇಲ್ಲೇ ಮಾಡು” ಅಂದವನು ನಾನು. ಹುಲ್ಲು ಚೆನ್ನಾಗಿರಬೇಕಲ್ಲ!

ಆದರೂ ಒಂದು ಕಾವಲು ಇತ್ತು. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು ಪಂಪ್ ರೂಮಿನ ಪ್ಯಾನೆಲ್ಲಿನಲ್ಲಿದೆ. ನಿಮ್ಮ ಮನೆಗಳಲ್ಲೂ ಇರುತ್ತದೆ, ಟ್ರಿಪ್ ಆಯಿತು ಅನ್ನುತ್ತೀರಲ್ಲ, ಅದು. ಮೇ ನಾಲ್ಕರ ಸಂಜೆ ಕಾಂಪ್ಲೆಕ್ಸಿನಲ್ಲಿ ಹೊಸ ಟವರಿನ ಸಮಾರಂಭ. ಶಾಮಿಯಾನ, ಬ್ಯಾಂಡು, ದೊಡ್ಡ ದೊಡ್ಡ ಜನ. ಲೈಟು ಹಚ್ಚಿದರೆ ಸ್ವಿಚ್ಚು ಬೀಳುತ್ತಿದೆ. ಎತ್ತಿದರೆ ಮತ್ತೆ ಬೀಳುತ್ತಿದೆ. ಹದಿನಾಲ್ಕನೇ ಡಬ್ಬಿಯಲ್ಲಿ ನೀರು ನಿಂತು ಆ ಜಾಯಿಂಟು ಸೋರುತ್ತಿದೆ ಅಂತ ನನಗೆ ಗೊತ್ತಾಯಿತು. ವಿಷ್ಣುಮೂರ್ತಿ ಸರ್ ಓಡಿಬಂದರು. “ಏನಾದರೂ ಮಾಡಿ, ಲೈಟು ಆರಬಾರದು.” ಏನಾದರೂ ಅಂದರೆ ಏನು ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ನಮ್ಮ ಕೆಲಸದಲ್ಲಿ ಅದಕ್ಕೊಂದು ಮಾತಿದೆ, “ಡೈರೆಕ್ಟ್ ಮಾಡುವುದು”. ಒಂದು ಗೇಣು ವೈರು ತೆಗೆದುಕೊಂಡು ಸ್ವಿಚ್ಚನ್ನು ಬದಿಗಿಟ್ಟು ನೇರ ಲೈನು ಕೊಟ್ಟೆ. ದೀಪ ಹತ್ತಿತು. ಚಪ್ಪಾಳೆಯೂ ಬಿತ್ತು, ಬೇರೆ ಯಾವುದಕ್ಕೋ.

ನಾಳೆ ತೆಗೆಯೋಣ ಅಂದುಕೊಂಡೆ. ಮರುದಿನ ಪೈಪು ತರಲು ವಾಶಿಗೆ ಹೋದೆ. ಮರೆತೆ ಅಂದರೆ ಸುಲಭ. ಆದರೆ ಮರೆಯಲಿಲ್ಲ. ಹದಿನಾಲ್ಕು ದಿನದಲ್ಲಿ ಮೂರು ಸಲ ನೆನಪಾಯಿತು. ತೆಗೆದರೆ ಮತ್ತೆ ಟ್ರಿಪ್ಪು, ಮತ್ತೆ ಕಂಪ್ಲೇಂಟು, ಕೊನೆಗೆ ಲಾನ್ ಅಗೆಯಬೇಕು. ಮೂರು ಸಲವೂ ಸುಮ್ಮನಿದ್ದೆ. ಯಾರಿಗೂ ಹೇಳಲಿಲ್ಲ, ಪುಸ್ತಕದಲ್ಲಿ ಬರೆಯಲಿಲ್ಲ.

ಮೇ ಹದಿನೆಂಟು. ಅಕ್ಷಿತ್, ಸ್ವಪ್ನಿಲ್ ಇಬ್ಬರೂ ಮೊದಲ ಲೋಕಲ್ ಟ್ರೇನು ಹಿಡಿದು ಬಂದಿದ್ದಾರೆ. ಗಾರ್ಡನ್ ಲೈಟು ಆರುವುದು ಆರೂವರೆಗೆ. ಐದು ಐವತ್ತೆರಡಕ್ಕೆ ನನಗೆ ಫೋನು ಬಂತು. ನಾನು ಕಲ್ಯಾಣದ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ.

“ಸರ್, ಚೌದಾ ನಂಬರ್ ಕೇ ಬಾಕ್ಸ್ ಮೇ ಪಾನಿ ಭರಾ ಹೈ. ಖೋಲೂಂ ಕ್ಯಾ?” ಡಬ್ಬಿಯಲ್ಲಿ ನೀರು ತುಂಬಿದೆ, ವಾಲ್ವ್ ಬಿಚ್ಚಲೇ ಅಂತ.

“ಕಂಟ್ರೋಲರ್ ಬಂದ್ ಮಾಡೀಯೇನು?”

“ಹಾಂ ಸರ್, ಕಿಯಾ. ಆಪ್ ಆನೇ ತಕ್ ರುಕೂಂ?”

ನೀವು ಬರುವವರೆಗೆ ಕಾಯಲೇ ಅಂತ ಕೇಳಿದ. ಕಾಯುತ್ತೇನೆ ಅಂದ ಹುಡುಗ ಅವನು! ನಾನು ಏನಂದೆ ಗೊತ್ತೇ? “ಯಾಕಲೇ, ಹೆದರಿದಿ? ಇಪ್ಪತ್ನಾಲ್ಕು ವೋಲ್ಟ್ ಏನ್ ಮಾಡ್ತದ? ಕೈ ಹಾಕು.”

“ಓಕೆ ಸರ್” ಅಂದ.

ಹದಿನಾಲ್ಕನೇ ಡಬ್ಬಿಯಲ್ಲಿ ಸೋರುತ್ತಿರುವ ಜಾಯಿಂಟಿಗೆ ಈಗ ಕಾವಲಿಲ್ಲ ಅಂತ ಈ ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬ. ಬಾಯಲ್ಲಿ ಚಹಾ ಇತ್ತು, ತಲೆ ಓಡಲಿಲ್ಲ. ಫೋನು ಇಟ್ಟು ಎರಡನೇ ಗುಟುಕು ಕುಡಿಯುವಾಗ ಲೈಟಿನ ಕೇಬಲ್ಲು ನೆನಪಾಯಿತು. ಆ ಕ್ಷಣವೇ ಫೋನು ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲಕ್ಕೆ ಎತ್ತಿದವನು ಸ್ವಪ್ನಿಲ್. “ಸರ್, ಅಕ್ಷಿತ್... ಅಕ್ಷಿತ್...” ಅಂತ ಅಳುತ್ತಿದ್ದ.

ರತ್ನಾವತಿ ಅಕ್ಕ. ನೀವು ಕೇಳಿದ್ದಿರಿ. ಆವತ್ತು ಹೇಳಬೇಕಾದ್ದನ್ನು ಇವತ್ತು, ಇಷ್ಟು ಜನರ ಎದುರಿಗೆ ಹೇಳುತ್ತೇನೆ.

ಕೇಳಿದ. ನಿಮ್ಮ ಮಗ ಕೇಳಿದ. ಕಂಟ್ರೋಲರ್ ಬಂದ್ ಮಾಡಿ, ಫೋನು ಮಾಡಿ, ಬಿಚ್ಚಲೇ ಅಂತ ಕೇಳಿ, ಕಾಯಲೇ ಅಂತಲೂ ಕೇಳಿದ. ಅವನು ಒಂದೇ ಒಂದು ತಪ್ಪು ಮಾಡಿಲ್ಲ. ನನ್ನನ್ನು ನಂಬಿದ, ಅಷ್ಟೇ.

ಇರಲಿ — ಸ್ವಲ್ಪ ತಡೆಯಿರಿ. ದಯವಿಟ್ಟು ಕೂತ್ಕೊಳ್ಳಿ. ನನ್ನನ್ನು ಹೊಡೆಯುವುದಿದ್ದರೆ ಆಮೇಲೆ ಹೊಡೆಯಿರಿ, ನಾನು ಎಲ್ಲಿಗೂ ಓಡುವುದಿಲ್ಲ. ಇನ್ನೂ ಸ್ವಲ್ಪ ಇದೆ.

ಪೊಲೀಸರು ಪಂಚನಾಮೆಗೆ ಬರುವ ಮೊದಲು ಪ್ಯಾನೆಲ್ಲಿನ ಆ ವೈರನ್ನು ತೆಗೆದವನೂ ನಾನೇ. ಯಾರೂ ಹೇಳಿಕೊಡಲಿಲ್ಲ, ಕೈ ತಾನಾಗಿ ಹೋಯಿತು. ಹೆಣ ಇನ್ನೂ ಆಸ್ಪತ್ರೆಯಲ್ಲಿದೆ, ನಾನು ಪಂಪ್ ರೂಮಿನಲ್ಲಿ ಸ್ಕ್ರೂ ತಿರುಗಿಸುತ್ತಿದ್ದೇನೆ. ಇಗೋ — ಇದೇ ಆ ವೈರು. ಇಷ್ಟೇ ಉದ್ದ. ಎಸೆಯಲಿಕ್ಕೆ ಆಗಲಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆ ಇದೆ. ಸುಳ್ಳು ಗಾದೆ ಅದು. ಮಾಡಿದವನು ನಾನು, ಉಂಡವನು ಅವನು.

ನನ್ನ ಹೆಂಡತಿ ಕಲ್ಲವ್ವ ಅಲ್ಲಿ ಕೊನೆಯ ಸಾಲಿನಲ್ಲಿದ್ದಾಳೆ. ಅವಳಿಗೂ ಇವತ್ತು ಬೆಳಿಗ್ಗೆಯೇ ಹೇಳಿದ್ದು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. “ಆ ತಾಯಿಗೆ ಸುಳ್ಳು ಹೇಳಿ ಬಂದು, ಇಷ್ಟ ದಿನ ನನ್ನ ಕೈಯಾಗಿನ ರೊಟ್ಟಿ ಹ್ಯಾಂಗ ತಿಂದ್ರಿ ನೀವು?” ಅಂದಳು. ಆಮೇಲೆ ಅವಳೇ ಸೀರೆ ಉಟ್ಟು, “ನಡೀರಿ, ನಾನೂ ಬರ್ತೀನಿ” ಅಂದಳು.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ. ಈ ವೈರು ಕೊಡುತ್ತೇನೆ. ನನ್ನ ಫೋನು ಕೊಡುತ್ತೇನೆ, ಐದು ಐವತ್ತೆರಡರ ಕಾಲ್ ಅದರಲ್ಲಿ ಇನ್ನೂ ಇದೆ. ಈಗ ಹೇಳಿದ್ದನ್ನೇ ಬರೆದುಕೊಡುತ್ತೇನೆ. ಜೈಲಾದರೆ ಆಗಲಿ. ವಿಷ್ಣುಮೂರ್ತಿ ಸರ್, ನೀವು ಹೇಳಿದ್ದನ್ನೂ ಬರೆಯುತ್ತೇನೆ, ಹೇಳದೇ ಇದ್ದದ್ದನ್ನು ಬರೆಯುವುದಿಲ್ಲ. ನೀವು ಆ ಬಾಗಿಲಿನ ಕಡೆ ನೋಡುವುದು ಬೇಡ, ಕೂತಿರಿ. ಸ್ವಪ್ನಿಲ್, ಬೇಟಾ, ನೀನು ಹೆದರಬೇಡ. ನಿನ್ನನ್ನು ಸುಮ್ಮನಿರು ಅಂದವನು ನಾನೇ. ಇನ್ನು ಸುಮ್ಮನಿರಬೇಡ.

ಕಾಲೇಜಿನ ಗುರುಗಳೇ, ಒಂದು ಪ್ರಾರ್ಥನೆ. ಆ ನೋಟೀಸು ನಾಳೆ ಕಾಲೇಜು ತೆರೆಯುವ ಮೊದಲು ಬೋರ್ಡಿನಿಂದ ಇಳಿಯಬೇಕು. ಆ ಜಾಗದಲ್ಲಿ ನನ್ನ ಹೆಸರು ಹಾಕಿ. ಮುಂದಿನ ವರ್ಷ ಮಕ್ಕಳನ್ನು ನಮ್ಮಂಥವರ ಹತ್ತಿರ ಕಳಿಸುವ ಮೊದಲು, ಮಕ್ಕಳ ಶಿಸ್ತು ನೋಡಬೇಡಿ, ನಮ್ಮ ಪ್ಯಾನೆಲ್ಲು ತೆರೆದು ನೋಡಿ. ಅದರ ಬಾಗಿಲು ತೆಗೆದು ತೋರಿಸದವನ ಹತ್ತಿರ ಮಕ್ಕಳನ್ನು ಬಿಡಬೇಡಿ. ಮತ್ತು ಮಕ್ಕಳೇ, ಹಿಂದೆ ಸರಿಯುವುದು ನಾಲಾಯಕ್ ಅಲ್ಲ. ಆವತ್ತು ಹಿಂದೆ ಸರಿದ ಸ್ವಪ್ನಿಲನೇ ಸರಿ. ಬೆನ್ನು ತಟ್ಟಿಸಿಕೊಳ್ಳಲು ಯಾರೂ ಕೈ ಹಾಕಬೇಡಿ.

ಪ್ರಣೀತಾ ತಂಗಿ, ನಿನ್ನ ಅಣ್ಣ ದಡ್ಡನಲ್ಲ, ಅವಸರದವನೂ ಅಲ್ಲ. ಯಾರಾದರೂ ಹಾಗಂದರೆ ನನ್ನ ಹತ್ತಿರ ಕಳಿಸು. ಜೈಲಿನಲ್ಲಿದ್ದರೆ ಅಲ್ಲಿಗೇ ಕಳಿಸು.

ನಾನು ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀವು ಒಳ್ಳೆಯವರು, ಕೊಟ್ಟುಬಿಡುತ್ತೀರಿ. ಅದು ಬೇಡ.

ಸಾಕು. ಇನ್ನು ಮಾತಿಲ್ಲ. ಅಕ್ಷಿತನಿಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲೋಣ. ಫೋನುಗಳನ್ನು ಬಂದ್ ಮಾಡಿ. ವೇದಿಕೆಯವರು, ಹಿರಿಯರು, ಹೋಟೆಲಿನವರು, ಕಾಲೇಜಿನವರು, ಕಂಪನಿಯವರು — ಎಲ್ಲರೂ ದಯವಿಟ್ಟು ಏಳಿ.

ಬೇಡ — ಕುಶಲಣ್ಣ, ನೀವಲ್ಲ. ರತ್ನಾವತಿ ಅಕ್ಕ, ಪ್ರಣೀತಾ, ನೀವು ಏಳಬೇಡಿ. ನೀವು ಮೂವರೂ ಕೂತಿರಿ.

ಎದ್ದು ನಿಲ್ಲಬೇಕಾದವರು ನಾವು.